ಲೆಕ್ಕದ ಕಚೇರಿಯಲ್ಲಿ ವಿಹಾರದ ಮೌನ

ರಂಗೂನಿನ ಮಹಾಲೇಖಪಾಲರ ಕಚೇರಿ. ವರ್ಷ 1950. ಬರ್ಮಾ ದೇಶ ಬ್ರಿಟಿಷರಿಂದ ಸ್ವತಂತ್ರವಾಗಿ ಆಗಿನ್ನೂ ಎರಡು ವರ್ಷ ಕಳೆದಿತ್ತು. ಹೊಸ ಸರ್ಕಾರದ ಜಮಾ-ಖರ್ಚುಗಳೆಲ್ಲ ತಪಾಸಣೆಗೆ ಬರುತ್ತಿದ್ದುದು ಈ ಕಚೇರಿಗೆ. ಕಡತಗಳ ರಾಶಿ, ಗುಮಾಸ್ತರ ಓಡಾಟ, ಸಹಿಗಾಗಿ ಕಾದು ನಿಂತ ಕಾಗದಗಳು. ಯಾವುದೇ ಸರ್ಕಾರಿ ಕಚೇರಿಯ ಚಿತ್ರ ಇದು. ಆದರೆ ಆ ವರ್ಷ ಅಲ್ಲೊಂದು ಹೊಸ ಸಂಘ ಹುಟ್ಟಿಕೊಂಡಿತು. ಅದು ನೌಕರರ ಸಂಘವೂ ಅಲ್ಲ, ಪತ್ತಿನ ಸಹಕಾರ ಸಂಘವೂ ಅಲ್ಲ. ಅದು ವಿಪಶ್ಯನ ಧ್ಯಾನದ ಸಂಘ. ಅದನ್ನು ಆರಂಭಿಸಿದವರು, ಸಹೋದ್ಯೋಗಿಗಳಿಗೆ ಧ್ಯಾನ ಕಲಿಸಿದವರು ಸ್ವತಃ ಮಹಾಲೇಖಪಾಲರಾಗಿದ್ದ ಊ ಬಾ ಖಿನ್.

ಬಾ ಖಿನ್ ಕಾಷಾಯ ಉಟ್ಟವರಲ್ಲ. ಹೆಂಡತಿ, ಮಕ್ಕಳು, ಸಂಬಳ, ಬಡ್ತಿ, ಮೇಲಧಿಕಾರಿ ಎಲ್ಲ ಇದ್ದ ಸಂಸಾರಿ. ('ಊ' ಎಂಬುದು ಬರ್ಮೀಯರು ಹಿರಿಯರ ಹೆಸರಿನ ಹಿಂದೆ ಸೇರಿಸುವ ಗೌರವದ ಮಾತು.) ಅವರು ಕಲಿಸುತ್ತಿದ್ದ ಧ್ಯಾನವಾದರೋ ಶತಮಾನಗಳ ಕಾಲ ಹೆಚ್ಚಾಗಿ ವಿಹಾರಗಳಲ್ಲಿ, ಕಾಡಿನ ಗುಹೆಗಳಲ್ಲಿ ಉಳಿದುಬಂದದ್ದು, ಮನೆ ಮಠ ಬಿಟ್ಟ ಭಿಕ್ಷುಗಳ ಸ್ವತ್ತು ಎಂದು ಜನ ತಿಳಿದಿದ್ದದ್ದು. ಭಿಕ್ಷೆಯ ಅನ್ನ ಉಣ್ಣುವವನ ಸಾಧನೆ ಸಂಬಳದ ಅನ್ನ ಉಣ್ಣುವವನಿಗೆ ದಕ್ಕೀತೆ? ದಕ್ಕುವುದಾದರೆ, ಸನ್ಯಾಸದ ಯಾವ ಭಾಗವನ್ನು ಅವನು ಮನೆಗೆ ಒಯ್ಯಬಹುದು? ಯಾವುದನ್ನು ಬಿಟ್ಟರೆ ಒಯ್ದದ್ದೆಲ್ಲ ವ್ಯರ್ಥವಾಗುತ್ತದೆ?

ಕಲ್ಲಿನ ಮೇಲಿನ ಹಳೆಯ ಉತ್ತರ

ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಸಿಕ್ಕ ಬಹು ಹಳೆಯ ಉತ್ತರವೊಂದು ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಗಳ ಮೇಲೆಯೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ತಾನು ಉಪಾಸಕನಾಗಿ, ಅಂದರೆ ಗೃಹಸ್ಥ ಬೌದ್ಧನಾಗಿ, ಮೊದಮೊದಲು ಹೆಚ್ಚೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲಷ್ಟೇ ತೀವ್ರವಾಗಿ ಯತ್ನಿಸಿದೆ ಎಂದು ಅರಸ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಈ ಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಶಾಸನದ ತಾತ್ಪರ್ಯ. ಮುಂದಿನ ಭಾಗದಲ್ಲಿ ತಂದೆತಾಯಿಯರ ಸೇವೆ, ಪ್ರಾಣಿದಯೆ, ಸತ್ಯ ನುಡಿಯುವುದು ಇವುಗಳ ಮಾತು ಬರುತ್ತದೆ. ಎಲ್ಲವೂ ಮನೆಯಲ್ಲಿದ್ದೇ ಮಾಡಬೇಕಾದವು.

ಕನ್ನಡ ನಾಡಿನ ಇತರ ಪರಂಪರೆಗಳೂ ಇದೇ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಎದುರಿಸಿವೆ. ಜೈನ ಮುನಿಗೆ ಮಹಾವ್ರತಗಳಾದರೆ ಶ್ರಾವಕನಿಗೆ ಅಣುವ್ರತಗಳು. ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕದಲ್ಲಿ ಕೂತ ಗೃಹಸ್ಥ ಅಷ್ಟು ಹೊತ್ತಿನ ಮಟ್ಟಿಗೆ ಮುನಿಯಂತೆಯೇ ಸರಿ ಎಂಬ ಭಾವನೆ ಅಲ್ಲಿದೆ. ಹನ್ನೆರಡನೆಯ ಶತಮಾನದ ಶರಣರಂತೂ ಕಾಯಕವನ್ನೇ ಸಾಧನೆಯ ನೆಲೆಯಾಗಿಸಿದರು.

ಬುದ್ಧನ ಉಪದೇಶದಲ್ಲೂ ಗೃಹಸ್ಥನಿಗೆ ಸ್ಥಾನವಿತ್ತು. ಸಿಗಾಲನೆಂಬ ಗೃಹಸ್ಥ ತರುಣನಿಗೆ ಬುದ್ಧ ಹೇಳಿದ್ದೆಂದು ಪಾಲಿ ಗ್ರಂಥಗಳಲ್ಲಿ ಬರುವ ಉಪದೇಶ ಧ್ಯಾನದ್ದಲ್ಲ. ತಂದೆತಾಯಿ, ಗುರು, ಮಡದಿ, ಗೆಳೆಯ, ಆಳುಕಾಳು ಇವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬ ವಿವರಣೆ ಅದು. ಅದರಲ್ಲಿ ಹಣದ ಲೆಕ್ಕವೂ ಇದೆ: ಗಳಿಕೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ಅನುಭವಿಸಬೇಕು, ಎರಡನ್ನು ಕಸುಬಿಗೆ ಹಾಕಬೇಕು, ನಾಲ್ಕನೆಯದನ್ನು ಆಪತ್ತಿಗೆಂದು ಕೂಡಿಡಬೇಕು. ಆದರೆ ಕಾಲ ಸರಿದಂತೆ ಬೌದ್ಧ ದೇಶಗಳಲ್ಲಿ ಕೆಲಸ ಹಂಚಿಹೋಯಿತು. ಗೃಹಸ್ಥ ದಾನ ಕೊಡುತ್ತಿದ್ದ, ಹುಣ್ಣಿಮೆ ಅಮಾವಾಸ್ಯೆಗಳಂದು ಉಪೋಸಥ ವ್ರತ ಹಿಡಿಯುತ್ತಿದ್ದ. ಓದು ಮತ್ತು ಧ್ಯಾನ ಭಿಕ್ಷುಗಳ ಪಾಲಿಗೆ ಉಳಿದವು.

ಅರಸ ಹೋದ, ಬಾಗಿಲು ತೆರೆಯಿತು

ಬರ್ಮಾದಲ್ಲಿ ಈ ಹಂಚಿಕೆಯನ್ನು ಕದಲಿಸಿದ್ದು ಒಂದು ರಾಜಕೀಯ ಆಘಾತ. 1826ರಲ್ಲಿ ಒಂದಿಷ್ಟು, 1852ರಲ್ಲಿ ಮತ್ತಷ್ಟು ಸೀಮೆಯನ್ನು ನುಂಗಿದ್ದ ಬ್ರಿಟಿಷರು 1885ರ ನವೆಂಬರಿನಲ್ಲಿ ರಾಜಧಾನಿ ಮಾಂಡಲೆಯನ್ನೂ ಹಿಡಿದರು. ಕೊನೆಯ ಅರಸ ತಿಬಾನನ್ನು ಕೊಂಕಣದ ರತ್ನಾಗಿರಿಗೆ ಗಡೀಪಾರು ಮಾಡಲಾಯಿತು. ಅದೇ ರತ್ನಾಗಿರಿಯಲ್ಲಿ ಹುಟ್ಟಿದ ಬಾಲಗಂಗಾಧರ ತಿಲಕರನ್ನು ಮುಂದೆ ಮಾಂಡಲೆಯ ಸೆರೆಮನೆಯಲ್ಲಿಟ್ಟದ್ದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ಬರ್ಮೀಯರಿಗೆ ಅರಸನೆಂದರೆ ಆಳುವವನಷ್ಟೇ ಅಲ್ಲ, ಧರ್ಮದ ಪೋಷಕ. ತಿಬಾನ ತಂದೆ ಮಿಂಡೊನ್ ಬೌದ್ಧ ಧರ್ಮಗ್ರಂಥಗಳಾದ ತ್ರಿಪಿಟಕಗಳನ್ನು 729 ಅಮೃತಶಿಲೆಯ ಫಲಕಗಳ ಮೇಲೆ ಕೆತ್ತಿಸಿದ್ದ. 1871ರಲ್ಲಿ ಮಾಂಡಲೆಯಲ್ಲಿ ಐದನೆಯ ಸಂಗೀತಿ, ಅಂದರೆ ಧರ್ಮಸಭೆ, ನಡೆಸಿದ್ದ. ಅರಸೊತ್ತಿಗೆಯೇ ಅಳಿದ ಮೇಲೆ ಧರ್ಮವನ್ನು ಉಳಿಸುವವರಾರು ಎಂಬ ಆತಂಕ ವಿಹಾರಗಳನ್ನು ಆವರಿಸಿತು.

ಅದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಲೆಡಿ ಸಯಾದೊ (1846-1923). ಲೆಡಿ ಎಂಬುದು ಮೊನ್ಯುವಾ ಪಟ್ಟಣದ ಬಳಿ ಅವರು ನೆಲೆಸಿದ್ದ ಕಾಡಿನ ಹೆಸರು. ಸಯಾದೊ ಎಂದರೆ ಪೂಜ್ಯ ಗುರು. ದೊಡ್ಡ ಪಂಡಿತರಾಗಿದ್ದ ಅವರು ಅರಸ ಮಾಡುತ್ತಿದ್ದ ಕೆಲಸವನ್ನು ಜನರ ಕೈಗೆ ಕೊಡಲು ಹೊರಟರು. ಊರೂರು ಸುತ್ತಿದರು, ಜನರಿಗೆ ತಿಳಿಯುವ ಬರ್ಮೀ ಭಾಷೆಯಲ್ಲಿ ಪುಸ್ತಕ ಬರೆದರು, ಬೌದ್ಧ ತತ್ವದ ಅತಿ ಕಠಿಣ ಭಾಗವಾದ ಅಭಿಧರ್ಮವನ್ನು ವರ್ತಕರೂ ಗೃಹಿಣಿಯರೂ ಗುಂಪಾಗಿ ಕೂತು ಓದುವಂತೆ ಮಾಡಿದರು. ಧ್ಯಾನವನ್ನು ಗೃಹಸ್ಥರೂ ಮಾಡಬಹುದು, ಮಾಡಬೇಕು ಎಂದರು. ಪೋಷಕನಿಲ್ಲದ ಧರ್ಮ ಪ್ರತಿ ಮನೆಯಲ್ಲೂ ಒಬ್ಬ ಪೋಷಕನನ್ನು ಹುಡುಕಿಕೊಂಡಿತು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಧ್ಯಾನ ಕಲಿಯುವವನಷ್ಟೇ ಅಲ್ಲ, ಕಲಿಸುವವನೂ ಗೃಹಸ್ಥನಾದ. ರಂಗೂನ್ ನದಿಯಾಚೆಯ ಪ್ಯಾವ್‌ಬ್ವೆಜಿ ಎಂಬ ಹಳ್ಳಿಯ ರೈತ ಸಯಾ ತೆಟ್‌ಜಿ 1873ರಲ್ಲಿ ಹುಟ್ಟಿದವರು. ಕಾಲರಾ ಮಾರಿ ಮನೆಯವರನ್ನು ಬಲಿ ತೆಗೆದುಕೊಂಡಾಗ ಸಾವಿಲ್ಲದ ದಾರಿಯೊಂದು ಇದೆಯೇ ಎಂದು ಹುಡುಕುತ್ತ ಮನೆ ಬಿಟ್ಟರು. ವರ್ಷಗಳ ಅಲೆದಾಟದಲ್ಲಿ ಲೆಡಿ ಸಯಾದೊ ಅವರನ್ನು ಕಂಡು ಧ್ಯಾನ ಕಲಿತರು. ಆಮೇಲೆ ಮನೆಗೆ ಮರಳಿದರು. ಕಲಿಸುವ ಹೊಣೆಯನ್ನು ಗುರು ಈ ರೈತನಿಗೆ ವಹಿಸಿದರು. ಭಿಕ್ಷುಗಳೂ ಅವರಿಂದ ಕಲಿಯಲಿ ಎಂದರು. ಕಾಷಾಯ ಧರಿಸಿದವರು ಪಂಚೆಯ ರೈತನ ಮುಂದೆ ಕೂತು ಪಾಠ ಹೇಳಿಸಿಕೊಳ್ಳುವುದು ಅಂದಿನ ಬರ್ಮಾದಲ್ಲಿ ಸಣ್ಣ ಸಂಗತಿಯಲ್ಲ.

ಗುಮಾಸ್ತನಿಂದ ಗುರುವಿನ ತನಕ

1937ರ ಜನವರಿಯಲ್ಲಿ ಈ ರೈತನನ್ನು ಹುಡುಕಿಕೊಂಡು ಬಂದವರು ಊ ಬಾ ಖಿನ್. 1899ರಲ್ಲಿ ರಂಗೂನಿನ ಸಾಧಾರಣ ಕುಟುಂಬದಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಚಿನ್ನದ ಪದಕ ಪಡೆದರೂ ಮನೆಯ ಸ್ಥಿತಿಯಿಂದಾಗಿ ಕಾಲೇಜಿಗೆ ಹೋಗಲಿಲ್ಲ. ಮೊದಲ ನೌಕರಿ ಒಂದು ಬರ್ಮೀ ಪತ್ರಿಕೆಯಲ್ಲಿ. ನಂತರ ಲೆಕ್ಕದ ಇಲಾಖೆಯಲ್ಲಿ ಗುಮಾಸ್ತಗಿರಿ. 1926ರಲ್ಲಿ ಇಲಾಖಾ ಪರೀಕ್ಷೆ ಪಾಸು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದರು. ಧ್ಯಾನ ಕಲಿತ ನಂತರವೂ ನೌಕರಿ ಬಿಡಲಿಲ್ಲ. 1941ರಲ್ಲಿ ರೈಲ್ವೆ ಲೆಕ್ಕಗಳ ತನಿಖೆಗೆಂದು ಹೋಗಿದ್ದಾಗ ವೆಬು ಸಯಾದೊ ಎಂಬ ಹಿರಿಯ ಭಿಕ್ಷುವನ್ನು ಕಂಡರು. ನೀನು ಕಲಿಸಲು ಆರಂಭಿಸು ಎಂದರಂತೆ ಆ ಭಿಕ್ಷು. ಹಾಗೆ ಮೊದಲ ಪಾಠ ಹೇಳಿಸಿಕೊಂಡದ್ದು ರೈಲ್ವೆ ಸ್ಟೇಷನ್ನಿನ ಒಬ್ಬ ನೌಕರ.

1948ರಲ್ಲಿ ಮಹಾಲೇಖಪಾಲರಾದ ಬಾ ಖಿನ್ 1952ರಲ್ಲಿ ರಂಗೂನಿನಲ್ಲಿ ಅಂತರರಾಷ್ಟ್ರೀಯ ಧ್ಯಾನ ಕೇಂದ್ರವನ್ನು ತೆರೆದರು. ನಡುವೆ ಒಂದು ಸಣ್ಣ ಪಗೋಡ. ಅದರ ಸುತ್ತ ಒಬ್ಬೊಬ್ಬರು ಕೂರುವಂಥ ಎಂಟು ಧ್ಯಾನದ ಕೋಣೆಗಳು. ಕಚೇರಿಗೆ ಹೋಗುವ ಮುನ್ನ ಅಲ್ಲಿ ಪಾಠ, ಕಚೇರಿ ಮುಗಿದ ಮೇಲೆ ಮತ್ತೆ ಪಾಠ. ಅವರ ದಕ್ಷತೆಯನ್ನು ಕಂಡ ಸರ್ಕಾರ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಇಲಾಖೆಗಳ ಹೊಣೆ ಕೊಟ್ಟಿತು. ಅರವತ್ತು ದಾಟಿದ ಮೇಲೂ ದುಡಿದು 1967ರಲ್ಲಿ ಅವರು ನಿವೃತ್ತರಾದರು.

ಪ್ರಧಾನಿ ಊ ನು ಅವರು ಸರ್ಕಾರಿ ಕೃಷಿ ಮಾರಾಟ ಮಂಡಳಿಯನ್ನು ಸರಿಪಡಿಸಲು ಬಾ ಖಿನ್ ಅವರನ್ನು ನೇಮಿಸಿದ ಪ್ರಸಂಗವನ್ನು ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ ಹೇಳುತ್ತಿದ್ದರು. ಮಂಡಳಿಯಲ್ಲಿ ಲಂಚ ಹಬ್ಬಿತ್ತು. ಕಟ್ಟುನಿಟ್ಟಿನ ಮನುಷ್ಯ ಬರುತ್ತಾನೆಂದು ಗೊತ್ತಾದೊಡನೆ ಅಧಿಕಾರಿಗಳು ಕೆಲಸಕ್ಕೆ ಬರುವುದಿಲ್ಲವೆಂದು ಹಟ ಹಿಡಿದರು. ಬಾ ಖಿನ್ ಕೂಗಾಡಲಿಲ್ಲ, ಓಲೈಸಲೂ ಇಲ್ಲ. ಇದ್ದ ಗುಮಾಸ್ತರನ್ನೇ ಕಟ್ಟಿಕೊಂಡು ಕೆಲಸ ನಡೆಸಿದರು. ಅಧಿಕಾರಿಗಳು ತಾವಾಗಿಯೇ ಮರಳಿದರು. ಇಲ್ಲಿ ಗಮನಿಸಬೇಕಾದದ್ದು ಗೆಲುವಲ್ಲ. ಧ್ಯಾನದಲ್ಲಿ ಕಲಿತದ್ದು ಪರೀಕ್ಷೆಗೆ ಬಿದ್ದದ್ದು ಎಲ್ಲಿ ಎಂಬುದು. ಅದು ಪಗೋಡದ ಕೋಣೆಯಲ್ಲಿ ಅಲ್ಲ, ಮಂಡಳಿಯ ಮೇಜಿನ ಮುಂದೆ.

ಕಲಿಯುವುದು ಏನನ್ನು?

ಈ ಧ್ಯಾನದ ವಿಧಾನ ಮೇಲುನೋಟಕ್ಕೆ ತೀರ ಸರಳ. ಮೊದಲು ಮೂಗಿನ ಬಳಿ ಒಳಬರುವ, ಹೊರಹೋಗುವ ಉಸಿರನ್ನು ಗಮನಿಸಬೇಕು. ಪ್ರಾಣಾಯಾಮದಂತೆ ಉಸಿರನ್ನು ಹಿಡಿಯುವುದಿಲ್ಲ, ಬದಲಿಸುವುದಿಲ್ಲ, ಬರೀ ನೋಡುವುದು. ಮನಸ್ಸು ಒಂದಿಷ್ಟು ನಿಂತ ಮೇಲೆ ಗಮನವನ್ನು ತಲೆಯಿಂದ ಕಾಲಿನ ತನಕ ಹಾಯಿಸುತ್ತ ಮೈಯಲ್ಲಾಗುವ ಸಂವೇದನೆಗಳನ್ನು ನೋಡಬೇಕು. ಉರಿ, ನೋವು, ಕಡಿತ, ಜುಮ್ಮೆನ್ನುವಿಕೆ ಏನಿದ್ದರೂ ಅದಕ್ಕೆ ಪ್ರತಿಕ್ರಿಯೆ ತೋರದೆ, ಹುಟ್ಟಿದ್ದು ಅಳಿಯುವುದನ್ನು ಕಾಣಬೇಕು.

ಇದರಿಂದ ಸಂಸಾರಿಗೆ ಏನು ಪ್ರಯೋಜನ? ಬಸ್ ನಿಲ್ದಾಣದ ಕೌಂಟರಿನಲ್ಲಿ ಚಿಲ್ಲರೆಗಾಗಿ ಜಗಳ ಹತ್ತಿಕೊಂಡಾಗ ಏನಾಗುತ್ತದೆ ಎಂದು ನೋಡಬಹುದು. ಮಾತು ಬಾಯಿಗೆ ಬರುವ ಮೊದಲೇ ಕಿವಿ ಬಿಸಿಯಾಗಿರುತ್ತದೆ, ಎದೆ ಬಡಿದುಕೊಳ್ಳುತ್ತಿರುತ್ತದೆ, ಮುಷ್ಟಿ ಬಿಗಿದಿರುತ್ತದೆ. ಸಿಟ್ಟು ಮೊದಲು ಕಾಣಿಸುವುದು ಮೈಯಲ್ಲಿ. ಅದನ್ನು ಮೈಯಲ್ಲೇ ಗುರುತಿಸುವ ಅಭ್ಯಾಸವಿದ್ದರೆ ಬಾಯಿ ತೆರೆಯುವ ಮುಂಚೆ ಒಂದು ಕ್ಷಣದ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಏನು ಮಾಡಬೇಕೆಂದು ಮನುಷ್ಯ ತಾನೇ ನಿರ್ಧರಿಸಬಹುದು. ಈ ಪರಂಪರೆ ಸಂಸಾರಿಗೆ ಕೊಡಲು ಹೊರಟಿರುವುದು ಆ ಒಂದು ಕ್ಷಣವನ್ನು.

ಹತ್ತು ದಿನದ ಭಿಕ್ಷು

ಇದು ಭಾರತಕ್ಕೆ ಬಂದದ್ದು ತಲೆನೋವಿನ ದೆಸೆಯಿಂದ. ಮಾಂಡಲೆಯಲ್ಲಿ 1924ರಲ್ಲಿ ಹುಟ್ಟಿದ ಗೋಯೆಂಕಾ ಅಲ್ಲಿ ನೆಲೆಸಿದ್ದ ಮಾರವಾಡಿ ಕುಟುಂಬದವರು, ಯಶಸ್ವೀ ಉದ್ಯಮಿ. ವಿಪರೀತ ಅರೆತಲೆನೋವಿಗೆ ಹಲವು ದೇಶಗಳ ವೈದ್ಯರನ್ನು ಕಂಡರೂ ಗುಣವಾಗದೆ 1955ರಲ್ಲಿ ಬಾ ಖಿನ್ ಬಳಿ ಬಂದರು. ತಲೆನೋವು ವಾಸಿಮಾಡಿಕೊಳ್ಳಲು ಬಂದಿದ್ದರೆ ಕಲಿಸುವುದಿಲ್ಲ, ಧರ್ಮ ಇರುವುದು ಅದಕ್ಕಿಂತ ದೊಡ್ಡ ದುಃಖಕ್ಕೆ ಎಂದು ಗುರು ಮೊದಲೇ ಹೇಳಿದರು. ಮುಂದೆ 1962ರಲ್ಲಿ ಸೇನೆ ಅಧಿಕಾರ ಹಿಡಿದು ಉದ್ಯಮಗಳನ್ನು ರಾಷ್ಟ್ರೀಕರಣ ಮಾಡಿದಾಗ ಗೋಯೆಂಕಾ ಅವರ ವ್ಯವಹಾರವೂ ಕೈತಪ್ಪಿತು. ಆ ವರ್ಷಗಳನ್ನು ಅವರು ಗುರುವಿನ ಬಳಿ ಕಳೆದರು.

1969ರಲ್ಲಿ ಕಾಯಿಲೆಯ ತಾಯಿಯನ್ನು ನೋಡಲು ಭಾರತಕ್ಕೆ ಬಂದ ಗೋಯೆಂಕಾ ಆ ವರ್ಷದ ಜುಲೈನಲ್ಲಿ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಮೊದಲ ಶಿಬಿರ ನಡೆಸಿದರು. ಕೂತವರು 14 ಮಂದಿ. ಅವರಲ್ಲಿ ಅವರ ತಂದೆತಾಯಿಯರೂ ಇದ್ದರು. 1976ರಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಧಮ್ಮಗಿರಿ ಕೇಂದ್ರ ಆರಂಭವಾಯಿತು. ಬೆಂಗಳೂರಿನ ಹೊರವಲಯದಲ್ಲಿ, ತುಮಕೂರು ರಸ್ತೆಯ ಕಡೆಯ ಆಲೂರಿನಲ್ಲಿ, ಇದೇ ಪರಂಪರೆಯ ಧಮ್ಮ ಪಫುಲ್ಲ ಕೇಂದ್ರವಿದೆ.

ಶಿಬಿರದ ನಿಯಮಗಳನ್ನು ನೋಡಿದರೆ ವಿಹಾರದ ಯಾವ ಯಾವ ಭಾಗ ಗೃಹಸ್ಥನಿಗೆ ವರ್ಗವಾಗಿದೆ ಎಂಬುದು ತಿಳಿಯುತ್ತದೆ. ಬೆಳಗಿನ ಜಾವ 4 ಗಂಟೆಗೆ ಗಂಟೆಯ ಸದ್ದು. ದಿನಕ್ಕೆ ಸುಮಾರು ಹತ್ತು ತಾಸು ಧ್ಯಾನ. ಹತ್ತನೆಯ ದಿನದ ತನಕ ಮಾತಿಲ್ಲ. ಓದು, ಬರೆಹ, ಫೋನು ಇಲ್ಲ. ಹಳೆಯ ಸಾಧಕರಿಗೆ ಭಿಕ್ಷುಗಳಂತೆಯೇ ಮಧ್ಯಾಹ್ನದ ನಂತರ ಊಟವಿಲ್ಲ. ಇಷ್ಟಾಗಿಯೂ ಶುಲ್ಕವಿಲ್ಲ. ಹಿಂದೆ ಕಲಿತು ಹೋದವರ ದಾನದಿಂದ ಈಗಿನವರ ಊಟ ನಡೆಯುತ್ತದೆ. ಲಕ್ಷ ಸಂಬಳದವನೂ ಆ ಹತ್ತು ದಿನ ಯಾರೋ ಕಾಣದವರು ಇಟ್ಟ ಅನ್ನವನ್ನೇ ಉಣ್ಣಬೇಕು. ಭಿಕ್ಷಾಪಾತ್ರೆಯ ಅರ್ಥವನ್ನು ಪಾತ್ರೆಯಿಲ್ಲದೆ ಕಲಿಸುವ ಉಪಾಯವಿದು.

ಮನೆಗೆ ಹೋದ ಮೇಲೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಕೂರಬೇಕು. ಮಕ್ಕಳ ಶಾಲೆ, ನಲ್ಲಿಯ ನೀರು, ಗ್ಯಾಸಿನ ಸಿಲಿಂಡರಿನ ನಡುವೆ ಈ ಎರಡು ತಾಸು ಹೊಂದಿಸುವುದೇ ನಿಜವಾದ ಕಷ್ಟ.

ಇದೇ ಧ್ಯಾನ 1975ರಲ್ಲಿ ಜೈಪುರದ ಕೇಂದ್ರ ಕಾರಾಗೃಹವನ್ನು ಪ್ರವೇಶಿಸಿತು. 1994ರ ಏಪ್ರಿಲಿನಲ್ಲಿ, ಕಿರಣ್ ಬೇಡಿ ಅವರು ಅಧಿಕಾರಿಯಾಗಿದ್ದಾಗ, ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತರು. ಗೋಯೆಂಕಾ 2013ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಬಿಟ್ಟುಹೋಗುವ ಅರ್ಧ

ಈ ಕಥೆಯಲ್ಲಿ ಸುಲಭವಾಗಿ ಮರೆತುಹೋಗುವ ಭಾಗವೊಂದಿದೆ. ಶಿಬಿರದಲ್ಲಿ ಉಸಿರಿನ ಪಾಠಕ್ಕೂ ಮುಂಚೆ ಬರುವುದು ಪಂಚಶೀಲ. ಕೊಲ್ಲದಿರುವುದು, ಕದಿಯದಿರುವುದು, ವ್ಯಭಿಚಾರ ಮಾಡದಿರುವುದು, ಸುಳ್ಳು ಹೇಳದಿರುವುದು, ಅಮಲಿನಿಂದ ದೂರವಿರುವುದು. ಇದು ಅಲಂಕಾರಕ್ಕೆ ಹೇಳುವ ಮಾತಲ್ಲ. ದಿನವೆಲ್ಲ ಸುಳ್ಳು ಲೆಕ್ಕ ಬರೆದವನ ಮನಸ್ಸು ಸಂಜೆ ಕಣ್ಣು ಮುಚ್ಚಿದೊಡನೆ ನಿಲ್ಲುವುದಿಲ್ಲ; ಸಿಕ್ಕಿಬೀಳುವ ಭಯ, ಮುಚ್ಚಿಹಾಕುವ ಹಂಚಿಕೆ ಅಲ್ಲೂ ಹಿಂಬಾಲಿಸುತ್ತವೆ ಎಂಬುದು ಇದರ ಹಿಂದಿನ ತರ್ಕ. ಶೀಲ ನೆಲ, ಧ್ಯಾನ ಅದರ ಮೇಲಿನ ಮನೆ. ಸರ್ಕಾರದ ಹಣ ಕಾಯುವ ಅಧಿಕಾರಿಯೊಬ್ಬರು ಈ ಪರಂಪರೆಯ ಗುರುವಾದದ್ದು ಆ ದೃಷ್ಟಿಯಿಂದ ಅರ್ಥಪೂರ್ಣ.

ಇಂದು ಅದೇ ಧ್ಯಾನದ ತುಣುಕುಗಳು ಮೊಬೈಲ್ ಫೋನುಗಳಲ್ಲಿ, ಕಂಪನಿಗಳ ತರಬೇತಿ ಕೋಣೆಗಳಲ್ಲಿ ಹತ್ತು ನಿಮಿಷದ ಪಾಠವಾಗಿ ದೊರೆಯುತ್ತವೆ. ದಣಿದ ನೌಕರನಿಗೆ ಅದರಿಂದ ಒಂದಿಷ್ಟು ಹಾಯೆನಿಸಿದರೆ ತಪ್ಪೇನಿಲ್ಲ. ಆದರೆ ಅಲ್ಲಿ ಉಸಿರು ಬಂದಿದೆ, ಶೀಲ ಬಂದಿಲ್ಲ. ಹದಿನಾಲ್ಕು ತಾಸು ದುಡಿಸುವ ಸಂಸ್ಥೆ ದುಡಿಮೆಯ ವೇಳೆಯನ್ನು ಕಡಿಮೆ ಮಾಡದೆ ಧ್ಯಾನವನ್ನು ಮಾತ್ರ ಕೊಟ್ಟರೆ ಆ ಧ್ಯಾನ ಯಾರ ಒಳಿತಿಗೆ ಎಂಬ ಪ್ರಶ್ನೆ ಏಳದಿರದು. ವಿಹಾರ ಕೊಡುತ್ತಿದ್ದದ್ದು ನೆಮ್ಮದಿಯನ್ನಲ್ಲ, ನಿಯಮವನ್ನು. ನೆಮ್ಮದಿ ನಿಯಮದ ಹಿಂದೆ ಬರುತ್ತಿತ್ತು.

ಮಿತಿಗಳನ್ನೂ ಹೇಳಬೇಕು. ಥೇರವಾದದ ಭಿಕ್ಷುವಿಗೆ 227 ನಿಯಮಗಳಿವೆ, ಗೃಹಸ್ಥನಿಗೆ ಐದು. ಎರಡನ್ನೂ ಒಂದೇ ಎನ್ನಲಾಗದು. ಹತ್ತು ದಿನದ ಕಠಿಣ ಮೌನ ಎಲ್ಲರಿಗೂ ಒಗ್ಗುವುದಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಶಿಬಿರಕ್ಕೆ ಬರಬಾರದೆಂದು ಕೇಂದ್ರಗಳೇ ಸೂಚಿಸುತ್ತವೆ. ಎಲ್ಲಕ್ಕಿಂತ ಕಹಿಯಾದ ಸಂಗತಿ ಬರ್ಮಾದ್ದೇ. ಲಕ್ಷಾಂತರ ಗೃಹಸ್ಥರು ಧ್ಯಾನ ಕಲಿತ ಆ ದೇಶದಲ್ಲಿ 1988ರಲ್ಲಿ ಜನರ ಚಳವಳಿಯನ್ನು ಗುಂಡಿನಿಂದ ಅಡಗಿಸಲಾಯಿತು. 2021ರ ಫೆಬ್ರುವರಿಯಲ್ಲಿ ಸೇನೆ ಮತ್ತೊಮ್ಮೆ ಅಧಿಕಾರವನ್ನು ಕಿತ್ತುಕೊಂಡಿತು. ಒಬ್ಬೊಬ್ಬರು ತಮ್ಮ ಸಿಟ್ಟನ್ನು ಗೆದ್ದ ಮಾತ್ರಕ್ಕೆ ನಾಡಿಗೆ ನ್ಯಾಯ ದೊರೆಯುವುದಿಲ್ಲ. ಅದಕ್ಕೆ ಬೇರೆ ಶ್ರಮವೂ ಬೇಕು.

ಹಾಗಾದರೆ ಉಳಿಯುವುದೇನು? 1971ರಲ್ಲಿ ತೀರಿಕೊಂಡ ಬಾ ಖಿನ್ ಬಿಟ್ಟುಹೋದದ್ದು ಸಣ್ಣ, ಆದರೆ ಗಟ್ಟಿಯಾದ ಒಂದು ನಿದರ್ಶನ. ಸನ್ಯಾಸಿಯ ಬಟ್ಟೆ, ಕಾಡು, ಏಕಾಂತ ಸಂಸಾರಿಗೆ ಸಿಗದಿರಬಹುದು. ಹೊತ್ತಿಗೆ ಸರಿಯಾಗಿ ಕೂರುವುದು, ಕೊಟ್ಟದ್ದನ್ನು ಕೃತಜ್ಞತೆಯಿಂದ ಉಣ್ಣುವುದು, ತನ್ನದಲ್ಲದ್ದನ್ನು ಮುಟ್ಟದಿರುವುದು, ಮಾತಾಡುವ ಮುನ್ನ ಒಂದು ಕ್ಷಣ ನಿಲ್ಲುವುದು ಇವು ಸಿಗುತ್ತವೆ. ಕಚೇರಿಯ ಧ್ಯಾನದ ಕೋಣೆಯಿಂದ ಹೊರಬಂದ ಗುಮಾಸ್ತನ ಮೇಜಿನ ಮೇಲೆ ನಿನ್ನೆಯ ಅದೇ ಕಡತ ಕಾದಿರುತ್ತದೆ. ಕಡತದಲ್ಲಿರುವ ಲೆಕ್ಕ ಸುಳ್ಳಾಗಿದ್ದರೆ ಅವನು ಅದಕ್ಕೆ ಸಹಿ ಹಾಕುತ್ತಾನೆಯೇ, ಇಲ್ಲವೇ? ಒಳಗೆ ಕೂತದ್ದು ಫಲಿಸಿತೋ ಇಲ್ಲವೋ ಎಂಬುದು ಗೊತ್ತಾಗುವುದು ಅಲ್ಲಿಯೇ.